ಎರಡೂ ಪಾದ ಮುಟ್ಟಿ ನೋಡಿ

ಮಗುವಿನ ಹೃದಯಕ್ಕೆ ಚಿಕಿತ್ಸೆ ಅಂದ್ರೆ ಎದೆ ತೆರೆಯೋದು ಅಂತಲೇ ನಾವು ಅಂದುಕೊಳ್ತೀವಿ. ಆದರೆ ಈಗ ಎಷ್ಟೋ ತೊಂದರೆಗಳನ್ನು ತೊಡೆಸಂದಿನ ರಕ್ತನಾಳದಿಂದ ತೆಳ್ಳನೆ ಕ್ಯಾತಿಟರ್ ಕಳಿಸಿಯೇ ಸರಿಮಾಡ್ತಾರೆ. ನನ್ನ ಅಕ್ಕನ ಮಗನಿಗೆ ಐದು ತಿಂಗಳಿದ್ದಾಗ ಹೃದಯದ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿದ್ದು ಹೀಗೇ. ಹೃದಯದ ಕೆಲಸ ಚೆನ್ನಾಗಿಯೇ ಆಯ್ತು. ತೊಂದರೆ ಬಂದದ್ದು ಕಾಲಿಗೆ.

ಗಂಟೆಗೊಮ್ಮೆ ನರ್ಸ್ ಬಂದು ಎರಡೂ ಪಾದ ಮುಟ್ಟಿ ನೋಡ್ತಿದ್ದರು. ಸಂಜೆ ಬಲಪಾದ ತಣ್ಣಗಿತ್ತು, ಬಿಳಿಚಿಕೊಂಡಿತ್ತು, ನಾಡಿ ಸಿಗಲಿಲ್ಲ. ಪಕ್ಕದಲ್ಲಿ ಮಾನಿಟರ್ ಎಲ್ಲಾ ಹಸಿರು ತೋರಿಸ್ತಿತ್ತು! ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರೋದು ಕಾಣಿಸಿತು.

ಅಷ್ಟು ಸಣ್ಣ ಮಗುವಿನ ಆ ನಾಳ ಕೆಲವೇ ಮಿಲಿಮೀಟರ್ ಅಗಲ. ಕೊಳವೆ ಅದನ್ನು ಹೆಚ್ಚುಕಡಿಮೆ ತುಂಬಿಬಿಡುತ್ತೆ, ಗೋಡೆಗೆ ಪೆಟ್ಟಾಗುತ್ತೆ, ನಾಳ ಸೆಟೆದುಕೊಳ್ಳುತ್ತೆ. ಅದಕ್ಕೇ ಚಿಕಿತ್ಸೆಯ ಹೊತ್ತಿನಲ್ಲೇ ಹೆಪಾರಿನ್ ಕೊಡ್ತಾರೆ. 1974ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಿಲೋ ತೂಕಕ್ಕೆ 100 ಯೂನಿಟ್ ಕೊಟ್ಟಾಗ ಹೀಗೆ ಹೆಪ್ಪುಗಟ್ಟೋದು ಶೇ. 40ರಿಂದ 8ಕ್ಕೆ ಇಳಿದಿತ್ತು. ಇಳಿಯಿತು, ಸೊನ್ನೆ ಆಗಲಿಲ್ಲ.

ನಮಗೂ ಮೊದಲು ಹೆಪಾರಿನ್ ಡ್ರಿಪ್ಪೇ. ಭಾವ "ಇದು ಗಡ್ಡೆ ಕರಗಿಸುತ್ತಾ ಡಾಕ್ಟ್ರೇ?" ಅಂತ ಕೇಳಿದರು. ಇಲ್ಲವಂತೆ. ಹೆಪಾರಿನ್ ಗಡ್ಡೆ ಬೆಳೆಯದಂತೆ ತಡೆಯುತ್ತೆ, ಕರಗಿಸೋ ಕೆಲಸ ದೇಹದ್ದೇ. ಹೆಪಾರಿನ್ ಕೆಲಸ ಮಾಡೋಕೆ ರಕ್ತದಲ್ಲಿ ಆಂಟಿಥ್ರಾಂಬಿನ್ ಬೇಕು. ಎಳೆಗೂಸುಗಳಲ್ಲಿ ಅದು ಕಡಿಮೆ, ಹಾಗಾಗಿ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ಔಷಧಿ ಬೇಕಾಗುತ್ತೆ. ಮತ್ತೆ ಮತ್ತೆ ರಕ್ತ ತೆಗೆದು ಪರೀಕ್ಷಿಸಿ ಡೋಸ್ ಹೊಂದಿಸ್ತಾರೆ. ಪ್ರತಿ ಸಲ ಸೂಜಿ ಕಂಡಾಗ ಅಕ್ಕ ಆಚೆ ಹೋಗ್ತಿದ್ದಳು.

ಕಾಲಿಗೇ ಅಪಾಯ ಅನ್ನಿಸಿದರೆ ಟಿಪಿಎ ಅನ್ನೋ ಗಡ್ಡೆ ಕರಗಿಸೋ ಔಷಧಿ. ಅದರಿಂದ ಚುಚ್ಚಿದ ಜಾಗದಲ್ಲಿ, ಮಿದುಳಿನಲ್ಲೂ ರಕ್ತಸ್ರಾವ ಆಗಬಹುದು. ಅದನ್ನು ಕೊಡುವಂತಿಲ್ಲ ಅಥವಾ ಕಾಯೋಕೆ ಸಮಯವಿಲ್ಲ ಅಂದಾಗ ಆಪರೇಷನ್. ಅಷ್ಟು ಸಣ್ಣ ನಾಳಕ್ಕೆ ಹೊಲಿಗೆ ಹಾಕೋದು ಸುಲಭವಲ್ಲ. ನಮ್ಮ ಪುಣ್ಯ, ಎರಡನೇ ದಿನ ಪಾದ ಬೆಚ್ಚಗಾಯಿತು. ಆಮೇಲೆ ಮನೆಯಲ್ಲೇ ಚರ್ಮದಡಿ ಕೊಡೋ ಎನಾಕ್ಸಪರಿನ್ ಇಂಜೆಕ್ಷನ್. ದಿನಕ್ಕೆರಡು ಸಲ, ಕೊಡೋಕೆ ಕಲಿತದ್ದು ಅದೇ ಅಕ್ಕ.

ಬಣ್ಣ ಮರಳಿದ ಮಾತ್ರಕ್ಕೆ ನಾಳ ತೆರೆದಿದೆ ಅಂತಲ್ಲ. ಅಕ್ಕಪಕ್ಕದ ಸಣ್ಣ ನಾಳಗಳೇ ಕಾಲನ್ನು ಉಳಿಸಿರಬಹುದು, ಆಗ ವರ್ಷಗಳ ನಂತರ ಆ ಕಾಲು ಸ್ವಲ್ಪ ಗಿಡ್ಡವಾಗಬಹುದು. ಮುಂದೆ ಮತ್ತೆ ಕ್ಯಾತಿಟರ್ ಬೇಕಾದರೆ ಆ ದಾರಿಯೂ ಇರಲ್ಲ. ಹಾಗಾಗಿ ಸ್ಕ್ಯಾನ್ ಯಾವಾಗ, ಕಾಲಿನ ಅಳತೆ ಯಾವಾಗ ಅಂತ ಡಿಸ್ಚಾರ್ಜ್ ದಿನವೇ ಕೇಳಿ.

ಮನೆಗೆ ಬಂದಮೇಲೆ ಒಂದು ಪಾದ ಮಾತ್ರ ತಣ್ಣಗಾದರೆ ಅಜ್ಜಿ ಶಾಖ ಕೊಡೋಣ, ಎಣ್ಣೆ ಹಚ್ಚಿ ಉಜ್ಜೋಣ ಅಂತಾರೆ. ಬೇಡ ಅನ್ನಿ. ರಕ್ತ ಹರಿಯದ ಚರ್ಮ ಬೇಗ ಸುಟ್ಟುಹೋಗುತ್ತೆ. ಬೆಳಗಾಗಲಿ ಅಂತ ಕಾಯದೆ, ಅದೇ ಹೊತ್ತಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ.