ಜೆಸಿಬಿ ಬಂದ ಮೇಲೆ ಕಣ್ಣು ಬಿಟ್ಟರೆ?

ಚರಂಡಿಯೋ, ನೀರಿನ ಪೈಪೋ, ಊರಿಗೆ ಕಾಮಗಾರಿ ಬಂತು ಅಂತ ಸವಳಂಗದಂಥ ಕಡೆ ಅಂಗಡಿಯವರಿಗೆ ಗೊತ್ತಾಗೋದು ಯಾವಾಗ? ಬಾಗಿಲ ಮುಂದೆ ಜೆಸಿಬಿ ನಿಂತಾಗ! ಅಷ್ಟೊತ್ತಿಗೆ ಗುತ್ತಿಗೆದಾರರು ಶಿವಮೊಗ್ಗದಿಂದ ಸಿಮೆಂಟು, ಪೈಪು ತಂದು ಇಳಿಸಿರುತ್ತಾರೆ. ಊರ ಅಂಗಡಿಗೆ ಉಳಿಯೋದು ಧೂಳು.

ಇದೇನು ಗುಟ್ಟಲ್ಲ ಸ್ವಾಮಿ. ವರ್ಷದ ಕೆಲಸಗಳ ಪಟ್ಟಿ ಗ್ರಾಮ ಪಂಚಾಯ್ತಿಯ ಕ್ರಿಯಾ ಯೋಜನೆಯಲ್ಲಿ ಮೊದಲೇ ಇರುತ್ತೆ. 2018ರ ಅಕ್ಟೋಬರ್ 2ರಂದು ಇದಕ್ಕೆಂದೇ ದೇಶವ್ಯಾಪಿ ಗ್ರಾಮಸಭೆ ಅಭಿಯಾನವೂ ಶುರುವಾಯ್ತು. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಅಂದರೆ ಪೈಪು, ನಲ್ಲಿ, ಸಿಮೆಂಟಿನ ವ್ಯಾಪಾರ, ಗಾರೆಯವರಿಗೆ ಕೂಲಿ. ಪಟ್ಟಿ ನೋಡಿದವನು ಗುತ್ತಿಗೆದಾರರಿಗೆ ಮೊದಲೇ ದರ ಹೇಳಿಯಾನು. ನೋಡದವನು ಕೈಕಟ್ಟಿ ಕೂರಬೇಕು.

ಆದರೆ ಎಚ್ಚರ! ಪಟ್ಟಿಯಲ್ಲಿದ್ದದ್ದೆಲ್ಲ ಕೆಲಸವಾಗೋದಿಲ್ಲ. ಮಂಜೂರಾತಿ ಸಿಗುವ ಮೊದಲೇ ಸಾಲ ಮಾಡಿ ಗೋದಾಮು ತುಂಬಿದರೆ ಬಡ್ಡಿಯೇ ಗತಿ.

ತಪ್ಪು ಅಂಗಡಿಯವರದ್ದಷ್ಟೇ ಅಲ್ಲ. ಪಟ್ಟಿ ಕಡತದಲ್ಲಿ ಮಲಗಿದ್ದರೆ ಓದೋದು ಹೇಗೆ? ಪಂಚಾಯ್ತಿಯವರು ಅದನ್ನು ಮೊತ್ತದ ಸಮೇತ ಬಸ್ ನಿಲ್ದಾಣದಲ್ಲಿ ತೂಗುಹಾಕಲಿ. ಶಿಕಾರಿಪುರ, ನ್ಯಾಮತಿ ಬಸ್ಸಿಗೆ ಕಾಯೋರೂ ಓದಲಿ. ಊರ ಹೆಸರಿಗೆ ಬಂದ ದುಡ್ಡು, ನಾಲ್ಕು ಕಾಸಾದರೂ ಊರಲ್ಲಿ ಉಳಿಯಲಿ!