ಬಲಿತ ಮರವೂ ಚಿಗುರುವದು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಮ್ಮ ಹಿರಿಯರು ಎಳೆಯ ಮಕ್ಕಳನ್ನು ತಿದ್ದುವದರ ಸಲುವಾಗಿ ಕಟ್ಟಿದರು. ಬಾಲ್ಯಶಿಕ್ಷಣದ ಮಹತ್ವವನ್ನು ಸಾರುವ ಈ ಮಾತು ಯೋಗ್ಯವಾದದ್ದೇ ಸರಿ. ಆದರೆ ಇದೇ ಗಾದೆಯು ಈಗ ಬೇರೊಂದು ಕೆಲಸಕ್ಕೆ ಬಳಕೆಯಾಗುತ್ತಿರುವದನ್ನು ನಾವು ಕಾಣುತ್ತೇವೆ. ಎರಡು ಮಕ್ಕಳ ತಾಯಿಯಾದವಳು ಅರ್ಧಕ್ಕೆ ಬಿಟ್ಟ ಓದನ್ನು ಮುಂದುವರಿಸುತ್ತೇನೆಂದರೆ, ಇಲ್ಲವೆ ಹೊಸದೊಂದು ಕಸಬನ್ನು ಕಲಿಯುತ್ತೇನೆಂದರೆ, “ಇದೇನು ಕಲಿಯುವ ವಯಸ್ಸೇ?” ಎಂದು ಮನೆಯವರು ನಗುತ್ತಾರೆ. ಆ ನಗೆಗೆ ನಾಚಿ ಅವಳೂ ಸುಮ್ಮನಾಗುತ್ತಾಳೆ. ಕಲಿಯುವದು ಸಾಲೆಯೊಡನೆ ಮುಗಿಯಿತೆಂಬ ಈ ಭಾವನೆಯು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಎಷ್ಟು ಹಾನಿಕರವೆಂಬದನ್ನು ಪಾಲಕರ ಹಾಗೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆ ಇಡಬಯಸುತ್ತೇವೆ.

ನಮ್ಮದು ನಿಂತ ನೀರಿನಂಥ ಸೀಮೆಯಲ್ಲ. ಜಮಖಂಡಿ, ಮುಧೋಳಗಳು 1948ರ ವರೆಗೆ ಸಂಸ್ಥಾನಗಳಾಗಿದ್ದವು. ಆ ವರ್ಷ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಹುಟ್ಟಿತು. ಸಂಸ್ಥಾನಿಕರ ಪ್ರಜೆಯಾಗಿದ್ದ ಅಜ್ಜಿಯು ತನ್ನ ಹೊಸ್ತಿಲನ್ನು ಬದಲಿಸದೆಯೇ ಮತ ಹಾಕುವ ನಾಗರಿಕಳಾದಳು. ನಾವು ಬೇಡವೆಂದರೂ ಕಾಲವು ಬದಲಾಗುವದನ್ನು ಬಿಡುವದಿಲ್ಲ. ಅದರ ಹೆಜ್ಜೆಯನ್ನು ತಿಳಿದು ನಡೆಯಬೇಕೋ, ಅದರ ಹಿಂದೆ ಎಳೆಯಿಸಿಕೊಂಡು ಹೋಗಬೇಕೋ ಎಂಬದಷ್ಟೇ ನಮ್ಮ ಕೈಯಲ್ಲಿರುವ ಮಾತು.

ರಬಕವಿ-ಬನಹಟ್ಟಿಗಳ ಮಗ್ಗಗಳನ್ನೇ ನೋಡಿರಿ. ಹಿಂದೆ ನೇಕಾರನು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಲಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಸೀರೆ ನೇಯುತ್ತಿದ್ದನು. ಬಳಿಕ ಹಗ್ಗವನ್ನೆಳೆದರೆ ಓಡುವ ಲಾಳಿಯು ಬಂದಿತು. ಅನಂತರ ವಿದ್ಯುತ್ ಮಗ್ಗವು ಬಂದು ಕೈಮಗ್ಗದ ಸ್ಥಳವನ್ನು ಬಹುಮಟ್ಟಿಗೆ ಆಕ್ರಮಿಸಿತು. ಈ ಬದಲಾವಣೆಯೆಲ್ಲವೂ ಶುಭವೇ ಎಂದು ನಾವು ಹೇಳಲಾರೆವು. ಎಷ್ಟೋ ನುರಿತ ಕೈಗಳು ಅದರಿಂದ ಕೆಲಸ ಕಳೆದುಕೊಂಡವು. ಆದರೆ ಮಗ್ಗ ಯಾವದೇ ಇರಲಿ, ಕಂಡಿಕೆ ಸುತ್ತುವದೊಂದನ್ನೇ ಬಲ್ಲ ಹೆಣ್ಣುಮಗಳು ಕೊಟ್ಟಷ್ಟು ಕೂಲಿಯನ್ನು ತೆಗೆದುಕೊಳ್ಳಬೇಕಾಗುತ್ತದೆ. ನೂಲಿನ ತೂಕ, ಬಣ್ಣದ ಹೊಂದಿಕೆ, ಪೇಟೆಯ ಧಾರಣೆ, ಲೆಕ್ಕದ ಪುಸ್ತಕ, ಇವುಗಳಲ್ಲಿ ಒಂದೊಂದನ್ನಾಗಿ ಕಲಿತವಳು ಬೆಲೆಯನ್ನು ಕೇಳಬಲ್ಲಳು. ಕಲಿಯುವದೆಂದರೆ ಬೀಸಿದ ಗಾಳಿಗೆಲ್ಲ ತಲೆಬಾಗುವದಲ್ಲ. ಯಾವದನ್ನು ಹಿಡಿಯಬೇಕು, ಯಾವದನ್ನು ಬಿಡಬೇಕು ಎಂದು ಆರಿಸಿಕೊಳ್ಳುವ ಶಕ್ತಿಯನ್ನು ಪಡೆಯುವದು.

ಬೀಳಗಿ ಸೀಮೆಯವರಿಗಂತೂ ಬದಲಾವಣೆಯು ನೀರಾಗಿ ಬಾಗಿಲಿಗೇ ಬಂದಿತು. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳೂ ಎರೆಹೊಲಗಳೂ ಮುಳುಗಿದವು. ತಲೆಮಾರುಗಳಿಂದ ಒಕ್ಕಲುತನ ಮಾಡಿದವರು ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಈಗ ಅಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲುತ್ತಿದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆಯನ್ನಿತ್ತಿದೆ. ಅಂದ ಮೇಲೆ ಇನ್ನೂ ಎಷ್ಟೋ ಮನೆಗಳವರು ಗಂಟುಮೂಟೆ ಕಟ್ಟಬೇಕಾದೀತು. ಹೊಲವು ಹೋಗಿ ಹಣವು ಬಂದಾಗ, ನೋಟೀಸನ್ನು ಓದಿ ತಿಳಿಯಬಲ್ಲ, ಬ್ಯಾಂಕಿನ ವ್ಯವಹಾರವನ್ನು ಬಲ್ಲ, ಒಕ್ಕಲುತನವಲ್ಲದೆ ಮತ್ತೊಂದು ಉದ್ಯೋಗವನ್ನು ಕಲಿಯಲು ಹಿಂಜರಿಯದ ಗೃಹಿಣಿಯಿರುವ ಮನೆಗೂ ಇಲ್ಲದ ಮನೆಗೂ ಬಹಳ ಅಂತರವುಂಟು. ಹಣವು ಕರಗುವಂಥದು, ಕಲಿತ ವಿದ್ಯೆಯು ಮಾತ್ರ ಯಾವ ಮುಳುಗಡೆಯ ಯಾದಿಯಲ್ಲಿಯೂ ಬರುವದಿಲ್ಲ.

ವಯಸ್ಸಾಯಿತೆಂಬ ಆಕ್ಷೇಪಕ್ಕೆ ಉತ್ತರವು ನಮ್ಮ ಮಗ್ಗುಲಲ್ಲಿಯೇ ಇದೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಮನೆತನದ ಕಸಬಿನಲ್ಲಿಯೇ ನಿಲ್ಲದೆ, ವಿದ್ಯೆಯನ್ನರಸಿ ದಕ್ಷಿಣಕ್ಕೆ ನಡೆದು, ಅಜಿತಸೇನಾಚಾರ್ಯರಲ್ಲಿ ಕಲಿತನು. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅವನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದಾಗ ಅವನಿಗೆ ನಾಲ್ವತ್ತು ದಾಟಿತ್ತು. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ಈ ದೇಶಕ್ಕೆ ಬಂದು ಕನ್ನಡವನ್ನು ಕಲಿತರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಿದ್ದಾಗ ಅವರಿಗೆ 62 ವರ್ಷ. ಕನ್ನಡ ವ್ಯಾಕರಣವು 1903ರಲ್ಲಿ ಅಚ್ಚಾದಾಗ 71 ವರ್ಷ. ಇವರ ಕಲಿಕೆಯು ಮರವಾದ ಮೇಲೂ ನಿಲ್ಲಲಿಲ್ಲ.

“ಅವರು ಗಂಡಸರು, ಅವರಿಗೆ ರೊಟ್ಟಿ ಬಡಿಯುವ ಚಿಂತೆಯಿರಲಿಲ್ಲ” ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಹೇಳಿದರೆ ಆ ಮಾತನ್ನು ನಾವು ಅಲ್ಲಗಳೆಯಲಾರೆವು. ನಮ್ಮ ಅಭಿಪ್ರಾಯದ ತಿರುಳೂ ಅದೇ ಆಗಿದೆ. ಇಂದು ಸಾಧನಗಳ ಕೊರತೆಯು ಮೊದಲಿನಷ್ಟಿಲ್ಲ. ಮನೆಯಲ್ಲಿದ್ದುಕೊಂಡೇ ಪರೀಕ್ಷೆಗೆ ಕೂಡ್ರುವವರ ಸಲುವಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 1989ರಲ್ಲಿಯೂ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು 1996ರಲ್ಲಿಯೂ ಸ್ಥಾಪನೆಯಾದವು. ನೆರೆಯ ವಿಜಯಪುರದಲ್ಲಿ 2003ರಿಂದ ಮಹಿಳೆಯರದೇ ಆದ ವಿಶ್ವವಿದ್ಯಾಲಯವಿದ್ದು, ಈಗ ಅದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಕೊರತೆಯಿರುವದು ದಿನಕ್ಕೊಂದು ತಾಸಿನದು, ಮತ್ತು ಆ ತಾಸನ್ನು ಮನಃಪೂರ್ವಕವಾಗಿ ಕೊಡುವ ಮನೆಯವರದು.

ಆದುದರಿಂದ ಪಾಲಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಗಳಿಗೆ ವರನನ್ನು ನೋಡುವಾಗ ಹೊಲಮನೆಗಳನ್ನು ವಿಚಾರಿಸುವಂತೆ, “ನಮ್ಮ ಹುಡುಗಿ ಮುಂದೆ ಕಲಿಯುವದಕ್ಕೆ ನಿಮ್ಮ ಅಡ್ಡಿಯಿಲ್ಲವಷ್ಟೇ?” ಎಂದು ಬೀಗರನ್ನು ನಾಚದೆ ಕೇಳಿರಿ. ನಿಮ್ಮ ಮನೆಗೆ ಬಂದ ಸೊಸೆಯ ವಿಷಯದಲ್ಲಿಯೂ ಅದೇ ನ್ಯಾಯವನ್ನು ನಡೆಸಿರಿ. ಅವಳು ಓದುವ ಒಂದು ತಾಸು ಒಲೆಯ ಮುಂದೆ ಅತ್ತೆಯು ಕುಳಿತರೆ ಅತ್ತೆಯ ಗೌರವವು ಕುಂದುವದಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ದೊಡ್ಡ ಪದವಿಯನ್ನೇ ಪಡೆಯಬೇಕೆಂದು ನಾವು ಹೇಳುವದಿಲ್ಲ. ವರ್ಷಕ್ಕೊಂದು ಹೊಸ ವಿಷಯವನ್ನು ಹಿಡಿಯಿರಿ: ಒಂದು ಭಾಷೆ, ಒಂದು ಕೈಕೆಲಸ, ಗಣಕಯಂತ್ರ, ಮನೆಯ ಜಮಾಖರ್ಚು. ಮೊಬೈಲಿನಲ್ಲಿ ಹಣ ಕಳಿಸುವ ರೀತಿಯನ್ನು ಹತ್ತು ವರ್ಷದ ಮಗಳಿಂದ ಕಲಿಯುವದಕ್ಕೆ ಸಂಕೋಚಪಡಬೇಡಿರಿ. ತಾಯಿಯು ಕಲಿಯುವದನ್ನು ಕಂಡ ಮಗಳಿಗೆ ಕಲಿಯೆಂದು ಬೇರೆ ಹೇಳಬೇಕಾಗುವದಿಲ್ಲ.

ಬಲಿತ ಮರವು ಬಗ್ಗಲಿಕ್ಕಿಲ್ಲ, ನಿಜ. ಆದರೆ ನಮ್ಮ ಹೊಲದ ಬದುವಿನಲ್ಲಿರುವ ಮುದಿ ಬೇವು ಕೂಡ ಯುಗಾದಿ ಬಂದಿತೆಂದರೆ ಹೊಸ ಎಲೆಯನ್ನು ಹೊರಡಿಸುತ್ತದೆ. ಅಂಥ ಚಿಗುರು ನಿಮ್ಮೆಲ್ಲರ ಬಾಳಿನಲ್ಲಿ ವರ್ಷವರ್ಷವೂ ಮೂಡಲೆಂದು ಮನಸಾರೆ ಹಾರೈಸುತ್ತೇವೆ.