ಹೆಸರಿನ ಒಡೆತನ, ಯಂತ್ರದ ಪಾಲನೆ

1998ನೆಯ ಇಸವಿಯಲ್ಲಿ ವಿಕರ್ಸ್ ಎಂಬ ಬ್ರಿಟಿಷ್ ಕಂಪನಿಯು ತನ್ನ ವಶದಲ್ಲಿದ್ದ ರೋಲ್ಸ್ ರಾಯ್ಸ್ ಮೋಟಾರು ಉದ್ಯಮವನ್ನು ಮಾರಲು ನಿಶ್ಚಯಿಸಿದಾಗ, ಜರ್ಮನಿಯ ಎರಡು ಪ್ರಬಲ ಸಂಸ್ಥೆಗಳು ಅದಕ್ಕಾಗಿ ಪರಸ್ಪರ ಸ್ಪರ್ಧೆಗೆ ಇಳಿದುವು. ಕೊನೆಗೆ ಫೋಕ್ಸ್‌ವ್ಯಾಗನ್ ಸಂಸ್ಥೆಯು 43 ಕೋಟಿ ಪೌಂಡುಗಳನ್ನು ತೆತ್ತು ಕ್ರೂ ಪಟ್ಟಣದ ಕಾರ್ಖಾನೆಯನ್ನೂ, ಅಲ್ಲಿನ ಯಂತ್ರೋಪಕರಣಗಳನ್ನೂ, ತಲೆಮಾರುಗಳಿಂದ ನುರಿತ ಕೆಲಸಗಾರರ ಪಡೆಯನ್ನೂ, ಬೆಂಟ್ಲಿ ಎಂಬ ಸೋದರ ವಾಹನದ ನಾಮಧೇಯವನ್ನೂ, ದೇವಾಲಯದ ಮುಖಮಂಟಪದಂತಿರುವ ಆ ಪ್ರಖ್ಯಾತ ರೇಡಿಯೇಟರಿನ ಆಕಾರವನ್ನೂ, ಅದರ ನೆತ್ತಿಯ ಮೇಲೆ ಮುಂದಕ್ಕೆ ಬಾಗಿ ನಿಂತ ಸ್ತ್ರೀಮೂರ್ತಿಯನ್ನೂ ತನ್ನದಾಗಿಸಿಕೊಂಡಿತು. ಆದರೆ ರೋಲ್ಸ್ ರಾಯ್ಸ್ ಎಂಬ ಹೆಸರು ಮಾತ್ರ ಆ ಕ್ರಯಪತ್ರದಲ್ಲಿ ಅಡಕವಾಗಿರಲಿಲ್ಲ. ಅದರ ಸ್ವಾಮ್ಯವು ವಿಮಾನಗಳ ಎಂಜಿನುಗಳನ್ನು ತಯಾರಿಸುವ ಮತ್ತೊಂದು ಸಂಸ್ಥೆಯಲ್ಲಿ ಉಳಿದಿತ್ತು. ಆ ಸಂಸ್ಥೆಯು ಕಾರುಗಳ ಮೇಲೆ ಆ ಹೆಸರನ್ನಿಡುವ ಅಧಿಕಾರವನ್ನು, ಸ್ಪರ್ಧೆಯಲ್ಲಿ ಸೋತಿದ್ದ ಬಿಎಂಡಬ್ಲ್ಯು ಕಂಪನಿಗೆ, 4 ಕೋಟಿ ಪೌಂಡುಗಳಿಗೆ ಒಪ್ಪಿಸಿಬಿಟ್ಟಿತು. ಒಂದು ಸಂಸ್ಥೆಗೆ ಶರೀರವೂ ಇನ್ನೊಂದಕ್ಕೆ ನಾಮವೂ ದೊರೆತ ಈ ವಿಚಿತ್ರ ವಿಭಾಗವು ಸಂಧಾನದಿಂದ ಬಗೆಹರಿದು, 2003ನೆಯ ಜನವರಿ 1ರಿಂದ ರೋಲ್ಸ್ ರಾಯ್ಸ್ ಕಾರುಗಳು ಸಸೆಕ್ಸ್ ಪ್ರಾಂತದ ಗುಡ್‌ವುಡ್ ಎಂಬಲ್ಲಿ ಹೊಸದಾಗಿ ಕಟ್ಟಿದ ಕಾರ್ಖಾನೆಯಿಂದ ಹೊರಬರತೊಡಗಿದುವು; ಕ್ರೂ ಪಟ್ಟಣದ ಹಳೆಯ ಕಾರ್ಖಾನೆ ಬೆಂಟ್ಲಿಯ ಪಾಲಾಯಿತು.

ಹಾಗಾದರೆ ನಾನು ರೋಲ್ಸ್ ರಾಯ್ಸ್ ಕಾರಿನ ಒಡೆಯನೆಂದು ಒಬ್ಬನು ಹೇಳಿಕೊಳ್ಳುವಾಗ ಆತನ ಕೈಸೇರಿರುವ ವಸ್ತು ಯಾವುದು? ನಮ್ಮ ಪತ್ರಿಕೆಗಳಲ್ಲಿ ಈ ವಾಹನದ ಸುದ್ದಿ ಬರುವುದು ಬಹುಮಟ್ಟಿಗೆ ಅದರ ಬೆಲೆಯ ನಿಮಿತ್ತವಾಗಿ: ಯಾವ ನಟನು ಕೊಂಡನು, ಯಾವ ಉದ್ಯಮಿಯು ಎಷ್ಟು ಕೋಟಿ ತೆತ್ತನು ಎಂಬಷ್ಟಕ್ಕೆ ವರದಿ ಮುಗಿದುಹೋಗುತ್ತದೆ. ಬೆಲೆಯನ್ನು ತಿಳಿಸುವುದು ತಪ್ಪಲ್ಲ. ಆದರೆ ನೂರಿಪ್ಪತ್ತು ವರ್ಷಗಳಿಂದ ಲೋಕವು ಈ ಯಂತ್ರವನ್ನು ಕಂಡು ಮನಸೋತಿರುವುದಕ್ಕೆ ಮೂಲಕಾರಣವು ಐಶ್ವರ್ಯವಲ್ಲ, ಒಬ್ಬ ಬಡ ಕಾರ್ಮಿಕನು ತನ್ನ ಕೆಲಸದ ವಿಷಯದಲ್ಲಿ ತಳೆದ ಕಠೋರ ನಿಷ್ಠೆ. ಮತ್ತು ಆ ನಿಷ್ಠೆಯು 1998ರ ವ್ಯಾಪಾರದಲ್ಲಿ ಯಾರಿಗೂ ಮಾರಾಟವಾಗದೆ, ಅವನ ಹಳೆಯ ಯಂತ್ರಗಳನ್ನು ಇಂದಿಗೂ ಓಡುವ ಸ್ಥಿತಿಯಲ್ಲಿ ಕಾಪಾಡುತ್ತಿರುವವರ ಬಳಿಯಲ್ಲೇ ಉಳಿದಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಹೆನ್ರಿ ರಾಯ್ಸ್ ಹುಟ್ಟಿದುದು 1863ರಲ್ಲಿ, ಪೀಟರ್‌ಬರೊ ಪಟ್ಟಣಕ್ಕೆ ಸಮೀಪದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ತಂದೆಯು ನಷ್ಟಕ್ಕೀಡಾಗಿ, ಮಗನಿಗೆ ಇನ್ನೂ ಹತ್ತು ತುಂಬುವ ಮೊದಲೇ ತೀರಿಕೊಂಡನು. ಬಾಲಕನು ಲಂಡನ್ ನಗರದಲ್ಲಿ ವೃತ್ತಪತ್ರಿಕೆಗಳನ್ನು ಮಾರಿದನು, ತಂತಿಯ ಸಂದೇಶಗಳನ್ನು ಮನೆಮನೆಗೆ ಮುಟ್ಟಿಸಿದನು. ಶಾಲೆಯಲ್ಲಿ ಕುಳಿತ ಕಾಲವು ಅತ್ಯಲ್ಪ. ಬಂಧುವೊಬ್ಬಳು ವರ್ಷಕ್ಕೆ 20 ಪೌಂಡುಗಳನ್ನು ಕಟ್ಟಿ ಅವನನ್ನು ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿಯಲು ಸೇರಿಸಿದಳಾದರೂ, ಆ ಹಣವೂ ಬತ್ತಿಹೋದುದರಿಂದ ಶಿಕ್ಷಣವು ಅರ್ಧದಲ್ಲಿಯೇ ನಿಂತಿತು. ಹೀಗೆ ಅಪೂರ್ಣವಾದ ವಿದ್ಯೆಯಿಂದ ಹೊರಟು, ವಿದ್ಯುದ್ದೀಪಗಳ ಕಂಪನಿಯಲ್ಲಿ ದುಡಿದು, 1884ರಲ್ಲಿ ಮ್ಯಾಂಚೆಸ್ಟರಿನ ಕುಕ್ ಬೀದಿಯಲ್ಲಿ ಜೊತೆಗಾರನೊಬ್ಬನೊಡನೆ ಸಣ್ಣ ಕಾರ್ಖಾನೆಯನ್ನು ತೆರೆದು, ಡೈನಮೋಗಳನ್ನೂ ಭಾರವೆತ್ತುವ ಕ್ರೇನುಗಳನ್ನೂ ಮಾಡಿ ಮಾರುತ್ತಿದ್ದ ಈತನು, ನಲವತ್ತರ ವಯಸ್ಸಿನಲ್ಲಿ ಫ್ರಾನ್ಸಿನ ಡೆಕೋವಿಲ್ ಎಂಬ ಹಳೆಯ ಕಾರೊಂದನ್ನು ಕೊಂಡನು. ಅದರ ಗಲಾಟೆಯೂ ನಡುಕವೂ ಅವನಿಗೆ ಹಿಡಿಸಲಿಲ್ಲ. ಆಗ ಅವನು ಮಾಡಿದುದು ಹೊಸ ಆವಿಷ್ಕಾರವಲ್ಲ: ಆ ಯಂತ್ರವನ್ನು ಕಳಚಿ ಹರಡಿ, ಪ್ರತಿಯೊಂದು ಭಾಗವನ್ನೂ ಕೈಯಲ್ಲಿ ಹಿಡಿದು, ಇದಕ್ಕಿಂತ ಚೆನ್ನಾಗಿ ಇದನ್ನು ಮಾಡಲು ಸಾಧ್ಯವೇ ಎಂದು ಪರೀಕ್ಷಿಸಿ, ಸಾಧ್ಯವೆಂದು ಕಂಡಲ್ಲೆಲ್ಲ ತಾನೇ ಮತ್ತೆ ಮಾಡಿದನು. ಆ ರೀತಿಯಲ್ಲಿ ಸಿದ್ಧವಾದ ಎರಡು ಸಿಲಿಂಡರಿನ ಕಾರು 1904ನೆಯ ಏಪ್ರಿಲ್ 1ರಂದು ಕಾರ್ಖಾನೆಯ ಬಾಗಿಲನ್ನು ದಾಟಿ ರಸ್ತೆಗೆ ಬಂದಿತು.

ಚಾರ್ಲ್ಸ್ ರೋಲ್ಸನ ಜೀವನವು ಎಲ್ಲ ವಿಧದಲ್ಲಿಯೂ ಇದಕ್ಕೆ ಎದುರಾದುದು. ಆತನು ಪ್ರಭುವೊಬ್ಬರ ಮೂರನೆಯ ಮಗ, ಕೇಂಬ್ರಿಜಿನಲ್ಲಿ ಓದಿದವನು, ವೇಗವನ್ನು ಪ್ರೀತಿಸಿದವನು, ಲಂಡನ್ನಿನಲ್ಲಿ ವಿದೇಶದ ಕಾರುಗಳ ವ್ಯಾಪಾರವನ್ನು ನಡೆಸುತ್ತಿದ್ದವನು. ಎರಡು ಸಿಲಿಂಡರಿನ ಕಾರೆಂದರೆ ಅವನಿಗೆ ಮೊದಲಿನಿಂದ ಅನಾದರವಿತ್ತು. ಆದರೂ 1904ನೆಯ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ರಾಯ್ಸನನ್ನು ಕಂಡು, ಆ ಕಾರಿನಲ್ಲಿ ಕುಳಿತು ಸ್ವಲ್ಪ ದೂರ ಸಾಗಿದ ಮೇಲೆ, ಈತನು ಮಾಡಿದ ಕಾರುಗಳನ್ನೆಲ್ಲ ನಾನೇ ಮಾರುತ್ತೇನೆಂಬ ನಿರ್ಧಾರಕ್ಕೆ ಬಂದನು. ಇಬ್ಬರ ಹೆಸರುಗಳೂ ಕೂಡಿದುದು ಹೀಗೆ. ರೋಲ್ಸನು 1910ನೆಯ ಜುಲೈಯಲ್ಲಿ ಬೋರ್ನ್‌ಮತ್ ಎಂಬಲ್ಲಿ ವಿಮಾನದ ಬಾಲ ಮುರಿದು ಬಿದ್ದು, ಮೂವತ್ತೆರಡನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟನು. ಇಬ್ಬರನ್ನೂ ಬೆಸೆದು, ಕಂಪನಿಯನ್ನು ನಿಜವಾಗಿ ನಡೆಸಿದವನು ಕ್ಲಾಡ್ ಜಾನ್ಸನ್ ಎಂಬ ಸಮರ್ಥ ವ್ಯವಸ್ಥಾಪಕ. ಆತನ ಸೇವೆಯು ಸಾಕಷ್ಟು ಸ್ಮರಿಸಲ್ಪಟ್ಟಿಲ್ಲ.

1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಜನರ ಮುಂದೆ ಬಂದ 40/50 ಅಶ್ವಶಕ್ತಿಯ ಮಾದರಿಯಲ್ಲಿ ರಾಯ್ಸನ ಸ್ವಭಾವವು ಲೋಹದಲ್ಲಿ ಎರಕಗೊಂಡಂತಿದೆ. ಅದರ ಬೆಳ್ಳಿಯ ಬಣ್ಣದ ಒಂದು ಕಾರಿಗೆ ಜಾನ್ಸನ್ ಇಟ್ಟ ಸಿಲ್ವರ್ ಗೋಸ್ಟ್ ಎಂಬ ಹೆಸರು ಮುಂದೆ ಇಡೀ ಮಾದರಿಗೇ ಅಂಟಿಕೊಂಡಿತು. ಆ ಕಾಲದ ಆರು ಸಿಲಿಂಡರಿನ ಎಂಜಿನುಗಳು ಉದ್ದವಾದ ಕ್ರ್ಯಾಂಕ್‌ಶಾಫ್ಟಿನ ನಡುಕದಿಂದ ಕುಖ್ಯಾತವಾಗಿದ್ದುವು. ರಾಯ್ಸನು ದಪ್ಪನೆಯ, ಬಾಗದ ಕ್ರ್ಯಾಂಕ್‌ಶಾಫ್ಟನ್ನು ಏಳು ಬೇರಿಂಗುಗಳ ಮೇಲೆ ಕೂರಿಸಿ, ಒತ್ತಡದಿಂದ ಎಣ್ಣೆಯನ್ನು ಹರಿಸಿ ಆ ನಡುಕವನ್ನು ಅಡಗಿಸಿದನು. ಚಾಸಿಯ ಕಟ್ಟಿನಲ್ಲಿ ರಿವೆಟ್ಟುಗಳ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಬಡಿದು ಕೂರಿಸಿದ ರಿವೆಟ್ಟು ತನ್ನ ರಂಧ್ರವನ್ನು ಪೂರ್ತಿಯಾಗಿ ತುಂಬುವುದೆಂಬ ಭರವಸೆಯಿಲ್ಲವೆಂದು, ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಬೋಲ್ಟುಗಳನ್ನು ಮಾಡಿಸಿ, ಪ್ರತಿಯೊಂದು ರಂಧ್ರವನ್ನೂ ಅದರದರ ಬೋಲ್ಟಿಗೆ ಸರಿಯಾಗಿ ಕೈಯಿಂದಲೇ ಕೊರೆಯಿಸಿದನು. ಕೊಂಡವನ ಕಣ್ಣಿಗೆ ಎಂದೆಂದಿಗೂ ಬೀಳದ ಸ್ಥಳದಲ್ಲಿ ಇಷ್ಟು ಶ್ರಮವನ್ನು ವ್ಯಯಿಸುವುದು ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ಮಾತಲ್ಲ. ಆದರೆ ವಾಹನವು ನೂರು ವರ್ಷ ಬಾಳಬೇಕಾದರೆ ಶ್ರಮವು ಸಲ್ಲಬೇಕಾದುದು ಅಂಥ ಸ್ಥಳಕ್ಕೇ. 1907ರಲ್ಲಿ ಆ ಬೆಳ್ಳಿಯ ಕಾರನ್ನು ಲಂಡನ್ನಿಗೂ ಗ್ಲಾಸ್ಗೋಗೂ ನಡುವೆ ಹಗಲಿರುಳು ಓಡಿಸಿ, 14,371 ಮೈಲಿಗಳ ತರುವಾಯ ಅದನ್ನು ಪರೀಕ್ಷಕರ ಮುಂದೆ ಬಿಚ್ಚಿದಾಗ, ಸವೆದ ಭಾಗಗಳನ್ನು ಹೊಸದರಂತೆ ಮಾಡಲು ತಗುಲಿದ ಖರ್ಚು ಎರಡು ಪೌಂಡಿಗೆ ತುಸು ಮೇಲ್ಪಟ್ಟದ್ದು.

ಆ ದಿನಗಳಲ್ಲಿ ಕಂಪನಿಯು ಮಾರುತ್ತಿದ್ದುದು ಎಂಜಿನು ಕೂಡಿದ ಚಾಸಿಯನ್ನು ಮಾತ್ರ. ಮೇಲಿನ ಒಡಲನ್ನು ಬಾರ್ಕರ್, ಹೂಪರ್ ಮೊದಲಾದ, ಕುದುರೆಗಾಡಿಗಳ ಕಾಲದಿಂದ ಬಂದ ಕಸಬುದಾರರ ಮನೆಗಳಲ್ಲಿ ಒಡೆಯನು ತನ್ನ ಇಚ್ಛೆಯಂತೆ ಕಟ್ಟಿಸಿಕೊಳ್ಳಬೇಕಾಗಿತ್ತು. ಭಾರತದ ಅರಸರ ಸಂಬಂಧವು ಗಾಢವಾದುದು ಈ ಪದ್ಧತಿಯ ಫಲವಾಗಿಯೇ. 1908ರಲ್ಲಿ ಮುಂಬಯಿಗೆ ಬಂದ ಒಂದು ಸಿಲ್ವರ್ ಗೋಸ್ಟ್, ಸಹ್ಯಾದ್ರಿಯ ಘಾಟಿಗಳನ್ನು ಏರಿಳಿದು ಕೊಲ್ಲಾಪುರಕ್ಕೆ ನಡೆದ ಪರೀಕ್ಷೆಯಲ್ಲಿ ಗೆದ್ದು, ಗ್ವಾಲಿಯರಿನ ಮಹಾರಾಜರ ಕೈಸೇರಿತು. ಹೈದರಾಬಾದಿನ ನಿಜಾಮರಿಗಾಗಿ ಬಾರ್ಕರ್ ಮನೆಯವರು ನಿರ್ಮಿಸಿದ ಹಳದಿ ಬಣ್ಣದ ಸಿಂಹಾಸನ ರಥವು ಇಂದಿಗೂ ಚೌಮಹಲ್ಲಾ ಅರಮನೆಯಲ್ಲಿದೆ. ಮೈಸೂರು ಅರಮನೆಯ ವಾಹನಶಾಲೆಯಲ್ಲಿಯೂ ರೋಲ್ಸ್ ರಾಯ್ಸ್ ಕಾರುಗಳಿದ್ದುವು. ಆದರೆ ನಮ್ಮಲ್ಲಿ ಈ ಕಾರುಗಳ ವಿಷಯವಾಗಿ ಹಬ್ಬಿರುವ ಕಥೆಗಳಲ್ಲಿ ಅರಸರ ಕೋಪತಾಪಗಳೂ ಚಿನ್ನದ ಲೇಪನಗಳೂ ಇರುತ್ತವೆಯೇ ವಿನಾ, ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಅವನ್ನು ಓಡಿಸಿ, ತೊಳೆದು, ಕೆಟ್ಟಾಗ ಸರಿಮಾಡಿದ ಡ್ರೈವರುಗಳ, ಮೇಸ್ತ್ರಿಗಳ ಹೆಸರು ಒಂದೂ ಇರುವುದಿಲ್ಲವೆಂಬುದು ನನಗೆ ಬಹಳ ಖೇದವನ್ನುಂಟುಮಾಡುವ ಸಂಗತಿ. ಕಂಪನಿಯೇ ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿತು: ಡ್ರೈವರುಗಳಿಗಾಗಿ ಒಂದು ಶಿಕ್ಷಣಶಾಲೆಯನ್ನು ನಡೆಸಿತು, ಮಾರಿದ ಕಾರುಗಳನ್ನು ನೋಡಿಬರಲು ಪರೀಕ್ಷಕರನ್ನು ಒಡೆಯರ ಮನೆಗಳಿಗೆ ಕಳುಹಿಸಿತು.

ರೇಡಿಯೇಟರಿನ ಮೇಲಿನ ಮೂರ್ತಿಗೂ ಭಾರತದ ದಾರಿಗೂ ಒಂದು ದುಃಖದ ಸಂಬಂಧವುಂಟು. ಒಡೆಯರು ತಮಗೆ ತೋಚಿದ ಗೊಂಬೆಗಳನ್ನು ಕಾರಿನ ಮೂತಿಗೆ ಸಿಕ್ಕಿಸುವುದನ್ನು ತಪ್ಪಿಸಲು, ಜಾನ್ಸನನ ಕೋರಿಕೆಯಂತೆ ಶಿಲ್ಪಿ ಚಾರ್ಲ್ಸ್ ಸೈಕ್ಸ್ 1911ರಲ್ಲಿ ಅದನ್ನು ರೂಪಿಸಿದನು. ಲಾರ್ಡ್ ಮಾಂಟೆಗ್ಯೂ ಎಂಬ ಪ್ರಭುವಿನ ಕಾರ್ಯದರ್ಶಿಯಾಗಿದ್ದ ಎಲಿನರ್ ಥಾರ್ನ್‌ಟನ್ ಎಂಬಾಕೆಯೇ ಆ ಮೂರ್ತಿಗೆ ಪ್ರೇರಣೆಯೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಮಹಾಯುದ್ಧದ ಕಾಲದಲ್ಲಿ, 1915ನೆಯ ಡಿಸೆಂಬರ್ 30ರಂದು, ಮಾಂಟೆಗ್ಯೂವಿನೊಡನೆ ಭಾರತಕ್ಕೆ ಪ್ರಯಾಣ ಮಾಡುತ್ತಿದ್ದ ಆಕೆಯು, ಪರ್ಷಿಯಾ ಎಂಬ ಹಡಗು ಕ್ರೀಟ್ ದ್ವೀಪದ ಸಮೀಪ ಜಲಾಂತರ್ಗಾಮಿಯ ಏಟಿಗೆ ಮುಳುಗಿದಾಗ ಸಮುದ್ರದ ಪಾಲಾದಳು. ಮಾಂಟೆಗ್ಯೂ ಬದುಕಿ ಉಳಿದನು.

ರಾಯ್ಸನೂ ಸುಖವಾಗಿ ಬಾಳಲಿಲ್ಲ. ಊಟನಿದ್ರೆಗಳನ್ನು ಮರೆತು ದುಡಿದುದರ ಪರಿಣಾಮವಾಗಿ 1911ರ ಸುಮಾರಿಗೆ ಅವನ ಆರೋಗ್ಯವು ಕುಸಿಯಿತು. ಅಲ್ಲಿಂದ ಮುಂದೆ, ಚಳಿಗಾಲದಲ್ಲಿ ಫ್ರಾನ್ಸಿನ ದಕ್ಷಿಣ ತೀರದಲ್ಲಿಯೂ, ಉಳಿದಂತೆ ಇಂಗ್ಲೆಂಡಿನ ಕಡಲತೀರದಲ್ಲಿ, ಕೊನೆಗೆ ಸಸೆಕ್ಸಿನ ವೆಸ್ಟ್ ವಿಟರಿಂಗ್ ಎಂಬ ಕಡಲ ಹಳ್ಳಿಯಲ್ಲಿಯೂ ನೆಲಸಿ, ಕಂಪನಿಯು ಆ ವೇಳೆಗೆ ನೆಲಸಿದ್ದ ಡರ್ಬಿ ಪಟ್ಟಣದ ಕಾರ್ಖಾನೆಯನ್ನು ಪತ್ರಗಳ ಮೂಲಕವೂ ನಕ್ಷೆಗಳ ಮೂಲಕವೂ ನಡೆಸಿದನು. ಬಿರುದುಗಳು ಬಂದ ಮೇಲೆಯೂ ತನ್ನನ್ನು ಮೆಕ್ಯಾನಿಕ್ ಎಂದೇ ಹೇಳಿಕೊಂಡ ಆತನು 1933ರಲ್ಲಿ ತೀರಿಕೊಂಡನು. ಮುಂದೆ 1971ರಲ್ಲಿ, ಆರ್‌ಬಿ 211 ಎಂಬ ವಿಮಾನದ ಎಂಜಿನಿನ ಮೇಲೆ ಸುರಿದ ಹಣದ ಹೊರೆಯಿಂದ ಕಂಪನಿಯು ದಿವಾಳಿಯೆದ್ದು, ಸರ್ಕಾರವು ಅದನ್ನು ವಹಿಸಿಕೊಂಡು, ಕಾರುಗಳ ಶಾಖೆಯನ್ನು ಬೇರ್ಪಡಿಸಿತು; ಹೆಸರೂ ಕಾರ್ಖಾನೆಯೂ ಬೇರೆಬೇರೆ ಕೈಗಳಿಗೆ ಹೋದುದರ ಬೀಜವಿರುವುದು ಇಲ್ಲಿ. ಗುಡ್‌ವುಡ್ಡಿನ ಹೊಸ ಕಾರ್ಖಾನೆಯು ರಾಯ್ಸನ ವೆಸ್ಟ್ ವಿಟರಿಂಗಿನ ಮನೆಗೆ ಕೆಲವೇ ಮೈಲಿಗಳ ದೂರದಲ್ಲಿದೆ ಎಂಬುದನ್ನು ಅದರ ಇಂದಿನ ಒಡೆಯರು ಹೆಮ್ಮೆಯಿಂದ ಹೇಳಿಕೊಳ್ಳುವುದು ಸಹಜವೇ. ಅಲ್ಲಿ ತಯಾರಾಗುವ ಕಾರುಗಳು ಉತ್ತಮವಾದುವೆಂಬುದರಲ್ಲಿ ನನಗೆ ಸಂಶಯವಿಲ್ಲ. ಚರ್ಮವನ್ನು ಹೊಲಿಯುವ, ಮರವನ್ನು ನಯಗೊಳಿಸುವ ಕೈಗಳು ಅಲ್ಲಿಯೂ ನಿಪುಣವಾದ ಕೈಗಳೇ.

ಆದರೂ ಒಡೆತನದ ನಿಜವಾದ ರಸವನ್ನು ಬಲ್ಲವರು ಹಳೆಯ ಕಾರುಗಳನ್ನು ಇಟ್ಟುಕೊಂಡವರು. ನಾರ್ಥ್ಯಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ, 1957ರಲ್ಲಿ ಆರಂಭವಾದ ರೋಲ್ಸ್ ರಾಯ್ಸ್ ಆಸಕ್ತರ ಸಂಘದ ಮನೆಯಿದೆ. ಹಿಂದಿನ ಕಾಲದ ಚಾಸಿಗಳ ಜನ್ಮಪತ್ರಿಕೆ ಎನ್ನಬಹುದಾದ ದಾಖಲೆಗಳು ಅಲ್ಲಿ ಸಂರಕ್ಷಿತವಾಗಿವೆ. ಚಾಸಿಯ ಸಂಖ್ಯೆಯನ್ನು ಹಿಡಿದು ಹುಡುಕಿದರೆ, ಅದನ್ನು ಮೊದಲು ಕೊಂಡವರಾರು, ಒಡಲನ್ನು ಕಟ್ಟಿದವರಾರು, ಹೊರಟುದು ಯಾವಾಗ ಎಂಬುದೆಲ್ಲ ತಿಳಿದುಬರುತ್ತದೆ. ಅಂಥ ಕಾರನ್ನು ಇಂದು ಕೊಂಡವನು ತನ್ನ ಹೆಸರನ್ನು ಒಂದು ಪರಂಪರೆಯ ಕೊನೆಯಲ್ಲಿ ಬರೆಯಿಸಿಕೊಳ್ಳುತ್ತಾನೆ. ಅವನ ಮುಂದೆಯೂ ಸಾಲು ಬೆಳೆಯಬೇಕಾಗಿರುವುದರಿಂದ, ಕೊಂಡ ದಿನದಿಂದಲೇ ಅವನ ಮೇಲೆ ಒಂದು ಋಣವು ಬೀಳುತ್ತದೆ. ಋತುವಿಗೆ ತಕ್ಕಂತೆ ಎಣ್ಣೆ ಬದಲಾಯಿಸುವುದು, ನಿಂತಲ್ಲಿಯೇ ನಿಂತು ಕೆಡದಂತೆ ಆಗಾಗ ಓಡಿಸುವುದು, ಸಿಕ್ಕದ ಭಾಗವನ್ನು ಹಳೆಯ ಅಳತೆಗೆ ಸರಿಯಾಗಿ ಹೊಸದಾಗಿ ಮಾಡಿಸುವುದು, ಇವೆಲ್ಲವನ್ನೂ ಅರಿತು ನಡೆಸುವವನ ಸಂತೋಷವು, ಬೀದಿಯ ಜನ ತಿರುಗಿ ನೋಡಲೆಂದು ಕಾರು ಕೊಂಡವನಿಗೆ ದೊರೆಯತಕ್ಕದ್ದಲ್ಲ. ಹಣವಿದ್ದವರು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕೊಳ್ಳಬಹುದಾದ ಗೌರವವನ್ನು ನಾವು ಇಷ್ಟೊಂದು ಹೊಗಳುತ್ತಿರುವುದೂ, ವರ್ಷಗಟ್ಟಲೆ ಕೈಕೆಸರು ಮಾಡಿಕೊಂಡು ಗಳಿಸಬೇಕಾದ ಗೌರವವನ್ನು ಕಡೆಗಣಿಸುತ್ತಿರುವುದೂ ನಮ್ಮ ಕಾಲದ ಅಭಿರುಚಿಗೆ ಹಾನಿಯೆಂದು ನಾನು ಎಣಿಸುತ್ತೇನೆ.

ಯಂತ್ರಪಾಲನೆಯ ಈ ಬುದ್ಧಿಯು ಕರ್ನಾಟಕಕ್ಕೆ ಅಪರಿಚಿತವಾದುದಲ್ಲ. ಧರ್ಮಸ್ಥಳದ ವಾಹನ ಸಂಗ್ರಹಾಲಯವನ್ನು ಕಂಡವರಿಗೆ, ಹಳೆಯ ಕಾರುಗಳನ್ನು ಒಂದು ಕ್ಷೇತ್ರದ ಜನರು ಎಷ್ಟು ಆದರದಿಂದ ಉಳಿಸಿಕೊಂಡಿದ್ದಾರೆಂಬುದು ಗೊತ್ತು. ಬೆಂಗಳೂರಿನ ಎಚ್.ಎ.ಎಲ್. ಎಂಜಿನ್ ಕಾರ್ಖಾನೆಯು 1957ರಲ್ಲಿ ಹುಟ್ಟಿದುದು ಬ್ರಿಸ್ಟಲ್ ಸಂಸ್ಥೆಯ ಆರ್ಫಿಯಸ್ ಎಂಬ ವಿಮಾನದ ಎಂಜಿನನ್ನು ಇಲ್ಲಿ ತಯಾರಿಸುವ ಸಲುವಾಗಿ. ಆ ಎಂಜಿನನ್ನು ರೂಪಿಸಿದ ಸಂಸ್ಥೆಯು 1966ರಲ್ಲಿ ರೋಲ್ಸ್ ರಾಯ್ಸ್‌ನಲ್ಲಿ ವಿಲೀನವಾಯಿತು. ಸೂಕ್ಷ್ಮವಾದ ಅಳತೆಯಲ್ಲಿ ಲೋಹವನ್ನು ಕೊರೆಯಬಲ್ಲ ಕೈಗಳು ನಮ್ಮ ನಾಡಿನಲ್ಲಿ ಎರಡು ಮೂರು ತಲೆಮಾರುಗಳಿಂದ ಇವೆ. ಇಲ್ಲದಿರುವುದು, ಹಳೆಯ ಯಂತ್ರವನ್ನು ಹೊಸ ವಿದ್ಯಾರ್ಥಿಯ ಮುಂದೆ ಬಿಚ್ಚಿ ತೋರಿಸುವ ವ್ಯವಸ್ಥೆ. ಅಂಥ ಯಂತ್ರಗಳನ್ನು ಬಲ್ಲ ಮೇಸ್ತ್ರಿಗಳಲ್ಲಿ ಹಲವರು ಮುದುಕರಾಗಿದ್ದಾರೆ. ಅವರ ವಿದ್ಯೆಯು ಯಾವ ಪುಸ್ತಕದಲ್ಲಿಯೂ ಬರೆಯಲ್ಪಟ್ಟಿಲ್ಲ.

2021ರಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷಗಳನ್ನು ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ರಚಿಸಿ, 20,000 ರೂಪಾಯಿಗಳ ಶುಲ್ಕಕ್ಕೆ ಹತ್ತು ವರ್ಷಗಳ ನೋಂದಣಿಯನ್ನು ಕೊಡುವ ಏರ್ಪಾಟು ಮಾಡಿತು. ಅಂಥ ವಾಹನಗಳನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಬಾರದು. ಪ್ರದರ್ಶನ, ರ‍್ಯಾಲಿ, ದುರಸ್ತಿ ಇವುಗಳ ಜೊತೆಗೆ ತಾಂತ್ರಿಕ ಸಂಶೋಧನೆಗೂ ರಸ್ತೆಗೆ ತರಬಹುದೆಂದು ಆ ನಿಯಮಗಳಲ್ಲಿ ಹೇಳಿದೆ. ರ‍್ಯಾಲಿಗಳು ನಮ್ಮಲ್ಲಿ ವರ್ಷವರ್ಷವೂ ನಡೆಯುತ್ತಿವೆ, ಜನರು ಸಂತೋಷಪಡುತ್ತಾರೆ. ಸಂಶೋಧನೆಯ ಅವಕಾಶವನ್ನು ಮಾತ್ರ ನಾವು ಇನ್ನೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ಮೈಸೂರಿನ, ಬೆಂಗಳೂರಿನ ಪಾಲಿಟೆಕ್ನಿಕ್ಕುಗಳ ಅಧ್ಯಾಪಕರು ಹಳೆಯ ಕಾರುಗಳ ಒಡೆಯರನ್ನು ಕಂಡು ಕೇಳಿಕೊಂಡರೆ, ವರ್ಷಕ್ಕೊಮ್ಮೆ ಒಂದು ಎಂಜಿನನ್ನು ವಿದ್ಯಾರ್ಥಿಗಳ ಎದುರಿಗೆ ಬಿಚ್ಚಿ, ಅಳೆದು, ಚಿತ್ರ ಬರೆದು, ವೃದ್ಧ ಮೇಸ್ತ್ರಿಯೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ ಅವರ ಮಾರ್ಗದರ್ಶನದಲ್ಲಿಯೇ ಮತ್ತೆ ಜೋಡಿಸುವುದು ಅಸಾಧ್ಯವಾದ ಕೆಲಸವಲ್ಲ. ಅದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ; ಬೇಕಾದುದು ಒಡೆಯರ ಒಪ್ಪಿಗೆ, ಮತ್ತು ಆ ಮೇಸ್ತ್ರಿಗಳು ಇನ್ನೂ ನಮ್ಮೊಡನಿರುವಾಗಲೇ ಮಾಡುವ ಮೊದಲನೆಯ ಪ್ರಯತ್ನ.